ಥಾಲಿಡೊಮೈಡ್ ಪರೀಕ್ಷಾ ತಟ್ಟೆಯಲ್ಲಿ ಏಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ: ನಮಸ್ಕಾರ. ಸ್ನಾತಕೋತ್ತರ ಅಧ್ಯಯನಕ್ಕಾಗಿ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧಗಳನ್ನು ಪರೀಕ್ಷಿಸುತ್ತಿದ್ದೇನೆ. ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ಪಡೆದ ಎಂಡೋಥೀಲಿಯಲ್ ಕೋಶಗಳನ್ನು (ರಕ್ತನಾಳದ ಒಳಪದರದ ಕೋಶಗಳು) ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್ ಮೇಲೆ ಹರಡಿ, ಅವು ಕೊಳವೆಗಳಂತೆ ಜೋಡಿಕೊಳ್ಳುವುದನ್ನು ಗಮನಿಸಿದಾಗ, ಥಾಲಿಡೊಮೈಡ್ ಹಾಕಿದ ತಟ್ಟೆಗೂ ಹಾಕದ ತಟ್ಟೆಗೂ ವ್ಯತ್ಯಾಸವೇ ಕಾಣಲಿಲ್ಲ. ತಪ್ಪು ನನ್ನ ಕೈಕೆಲಸದಲ್ಲಿದೆಯೇ?

ಉತ್ತರ 1: ದಯವಿಟ್ಟು ನಿಮ್ಮನ್ನೇ ದೂಷಿಸಿಕೊಳ್ಳಬೇಡಿ, ನಿಮ್ಮ ತಟ್ಟೆಯಲ್ಲಿ ಯಕೃತ್ತಿಲ್ಲ. 1994ರಲ್ಲಿ ಬಾಸ್ಟನ್‌ನಲ್ಲಿ ಜುದಾ ಫೋಕ್‌ಮನ್ ಅವರ ತಂಡವು ಮೊಲಗಳಿಗೆ ಬಾಯಿಯ ಮೂಲಕ ಥಾಲಿಡೊಮೈಡ್ ಕೊಟ್ಟು, ಕಣ್ಣಿನ ಕಾರ್ನಿಯಾದಲ್ಲಿ ಹೊಸ ನಾಳಗಳು ಬೆಳೆಯುವುದು ಕಡಿಮೆಯಾಗುವುದನ್ನು ತೋರಿಸಿತು. ಆದರೆ ಇಲಿಯ ಮಹಾಪಧಮನಿಯ ಉಂಗುರಗಳ ಮೇಲೆ 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನುಷ್ಯ ಅಥವಾ ಮೊಲದ ಯಕೃತ್ತಿನ ಮೈಕ್ರೋಸೋಮ್‌ಗಳನ್ನು (ಔಷಧಗಳನ್ನು ರೂಪಾಂತರಿಸುವ ಕಿಣ್ವಗಳಿರುವ ಕೋಶದ ತುಣುಕುಗಳು) ಸೇರಿಸಿದಾಗ ಮಾತ್ರ ಔಷಧವು ಪರಿಣಾಮ ಬೀರಿತು, ಇಲಿಯ ಮೈಕ್ರೋಸೋಮ್‌ಗಳೊಂದಿಗೆ ಬೀರಲಿಲ್ಲ. ಅಂದರೆ ಯಕೃತ್ತಿನಲ್ಲಿ ರೂಪಾಂತರಗೊಂಡ ಅಣುವೇ ಇಲ್ಲಿ ಕೆಲಸ ಮಾಡುವಂತೆ ತೋರುತ್ತದೆ.

ಉತ್ತರ 2: ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಥಾಲಿಡೊಮೈಡ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರಗಿದ ಭಾಗವೂ ಕೆಲವೇ ಗಂಟೆಗಳಲ್ಲಿ ವಿಘಟನೆಯಾಗತೊಡಗುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಹೊಸ ದ್ರಾವಣವನ್ನು ತಯಾರಿಸಿ, ಔಷಧವನ್ನು ಕರಗಿಸಲು ಬಳಸುವ ದ್ರಾವಕವಾದ ಡಿಎಂಎಸ್‌ಒ ಮಾತ್ರ ಹಾಕಿದ ತಟ್ಟೆಯನ್ನೂ ಹೋಲಿಕೆಗೆ ಇಡಿ. ಕೋಶಗಳು ಸತ್ತೂ ಕೊಳವೆಗಳು ಕಡಿಮೆಯಾಗಬಹುದಾದ ಕಾರಣ, ಕೋಶಗಳ ಜೀವಂತಿಕೆಯನ್ನು ಪ್ರತ್ಯೇಕವಾಗಿ ಅಳೆಯದೆ ಯಾವ ತೀರ್ಮಾನಕ್ಕೂ ಬರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 3: ಪ್ರಾಣಿಯ ಆಯ್ಕೆಯೂ ಮುಖ್ಯ. ಉದಾಹರಣೆಗೆ, ಹೊಸ ನಾಳಗಳನ್ನು ತಡೆಯುವ ಇನ್ನೊಂದು ಔಷಧವಾದ ಬೆವಾಸಿಜುಮ್ಯಾಬ್ ಮನುಷ್ಯರ ವಿಇಜಿಎಫ್‌ಗೆ (ರಕ್ತನಾಳಗಳನ್ನು ಬೆಳೆಸುವ ಪ್ರೋಟೀನ್) ಅಂಟಿಕೊಳ್ಳುತ್ತದೆ, ಸುಂಡಿಲಿಯದಕ್ಕೆ ಅಂಟಿಕೊಳ್ಳುವುದಿಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಮನುಷ್ಯರ ಮೈಕ್ರೋಸೋಮ್‌ಗಳನ್ನು ಸೇರಿಸಿ ಪ್ರಯೋಗವನ್ನು ಮತ್ತೆ ಮಾಡುತ್ತೇನೆ.