ಅಪ್ಪ ಅಮ್ಮನ್ನ ಮ್ಯೂನಿಗೆ ಕರ್ಕೊಂಡ್ ಹೋಗ್ಬಹುದಾ? ಅನುಭವ ಇರೋರು ಹೇಳಿ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇರೋರು, ಇದ್ದು ಹೋದೋರು ಸ್ವಲ್ಪ ಹೇಳಿ. ಜೂನ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬರ್ತಿದ್ದಾರೆ, ಫಾರೆಸ್ಟ್ ಪಾರ್ಕಲ್ಲಿ ದಿ ಮ್ಯೂನಿ ಅಂತ ಬಯಲು ಥಿಯೇಟರ್ ಇದ್ಯಲ್ಲ, ಅಲ್ಲಿ ಹಳೇ ಬ್ರಾಡ್‌ವೇ ಮ್ಯೂಸಿಕಲ್, ಅಂದ್ರೆ ಹಾಡು ಕುಣಿತ ಇರೋ ನಾಟಕ, ಒಂದು ತೋರಿಸ್ಬೇಕು ಅಂತ ಆಸೆ. ಅಪ್ಪ ಇಂಗ್ಲಿಷ್ ಪೇಪರ್ ಓದ್ತಾರೆ, ಆದ್ರೆ ಇಲ್ಲಿಯವರ ಮಾತು ಕಿವಿಗೆ ಹತ್ತಲ್ಲ. ಅಮ್ಮಂಗೆ ಇಂಗ್ಲಿಷೇ ಬರಲ್ಲ, ಮಂಡಿ ನೋವು ಬೇರೆ. ಹಿಂದೆ ಫ್ರೀ ಸೀಟ್ ಇದೆಯಂತೆ, ಅದು ಸಾಕಾ?

—

ಧಾರಾಳವಾಗಿ ಹೋಗಿ, ಆದ್ರೆ ಫ್ರೀ ಸೀಟ್ ಬೇಡ. ಒಟ್ಟು 11,000 ಸೀಟಲ್ಲಿ ಸುಮಾರು 1,500 ಫ್ರೀ, ಕೊನೇ ಒಂಬತ್ತು ಸಾಲು, ಮೊದಲು ಬಂದೋರಿಗೆ ಮೊದಲು. ಮಂಡಿ ನೋವಿರೋರು ಆ ಬಿಸಿಲಲ್ಲಿ ಕ್ಯೂ ನಿಲ್ಲೋದು ಯಾಕೆ, ಅಲ್ಲಿಂದ ನೋಡಿದ್ರೆ ಆಕ್ಟರ್‌ಗಳು ಹೆಬ್ಬೆರಳಷ್ಟು ಕಾಣ್ತಾರೆ.

ನಾವು 2024ರಲ್ಲಿ ಅತ್ತೆ ಮಾವನ್ನ 'ಫಿಡ್ಲರ್ ಆನ್ ದ ರೂಫ್'ಗೆ ಕರ್ಕೊಂಡ್ ಹೋಗಿದ್ವಿ. 1964ರ ನಾಟಕ, ಕಥೆ 1905ರ ರಷ್ಯಾದ ಒಂದು ಯಹೂದಿ ಹಳ್ಳಿಯದು. ಹಿಂದಿನ ದಿನ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡ್ತಿ ಪೂರ್ತಿ ಕಥೆ ಹೇಳಿದ್ಲು, ಹಾಲು ಮಾರೋ ಟೆವ್ಯೆ, ಐದು ಹೆಣ್ಣುಮಕ್ಕಳು, ದೊಡ್ಡವಳಿಗೆ ಮದುವೆ ದಲ್ಲಾಳಿ ಹೆಂಗಸು ವಯಸ್ಸಾದ ಕಸಾಯಿಯವನ್ನ ಗೊತ್ತು ಮಾಡಿದ್ರೆ ಹುಡುಗಿ ಬಡ ದರ್ಜಿನೇ ಬೇಕು ಅಂತ ಕೂರ್ತಾಳೆ, ಅಲ್ಲಿಂದ ಎಲ್ಲಾ ಶುರು. ಅತ್ತೆಗೆ ಇನ್ನೇನು ಬೇಕು? ಮಾರನೇ ದಿನ ಕಸಾಯಿಯವನು ಸ್ಟೇಜಿಗೆ ಬಂದ ತಕ್ಷಣ "ಇವನೇನಾ, ಅಯ್ಯೋ ಪಾಪ ಹುಡುಗಿ" ಅಂತ ಜೋರಾಗೇ ಅಂದ್ರು, ಮುಂದಿನ ಸಾಲಿನವರು ತಿರುಗಿ ನೋಡಿದ್ರು. ಮೂರನೇ ಮಗಳು ಕ್ರಿಶ್ಚಿಯನ್ ಹುಡುಗನ್ನ ಮದುವೆಯಾಗಿ ಬಂದಾಗ ಅಪ್ಪ ಮುಖ ತಿರುಗಿಸ್ತಾನಲ್ಲ, ಅಲ್ಲಿ ಮಾವ ಕನ್ನಡಕ ತೆಗೆದು ಒರೆಸ್ಕೊಂಡ್ರು, ನಾನು ನೋಡದ ಹಾಗೆ ಇದ್ದೆ.

—

ಮೇಲಿನವರು ಹೇಳಿದ್ದು ಸರಿ, ಆದ್ರೆ ಶೋ ನೋಡಿ ಆರಿಸಿ ಮಾರಾಯ್ರೆ. ನಾನು ಬೇರೆ ಊರಲ್ಲಿ ಅಮ್ಮನ್ನ 'ಮೈ ಫೇರ್ ಲೇಡಿ'ಗೆ ಕರ್ಕೊಂಡ್ ಹೋಗಿ ಸೋತೆ, ಅದರಲ್ಲಿ ಇಂಗ್ಲಿಷ್ ಉಚ್ಚಾರದ ಮೇಲೇ ಅರ್ಧ ಜೋಕು, ಕಥೆ ಹೇಳಿದ್ರೂ ನಗು ಹೇಳಿಕೊಡೋಕೆ ಆಗುತ್ತಾ? ಡ್ಯಾನ್ಸ್ ಜಾಸ್ತಿ ಇರೋದು, '42ನೇ ಸ್ಟ್ರೀಟ್' ಥರದ್ದು ಬಂದ್ರೆ ಕಣ್ಣು ಮುಚ್ಚಿ ಬುಕ್ ಮಾಡಿ.

—

ಶೋ ಶುರುವಾಗೋದು 8:15ಕ್ಕೆ, ಮುಗಿಯೋದು ತಡ. ಊಟ ಹೊರಗಿಂದ ತರಬಹುದು, ಗಾಜಿನ ಬಾಟಲಿ ಮಾತ್ರ ಬೇಡ. ನಾವು ಪುಳಿಯೋಗರೆ ಡಬ್ಬಿ ಒಯ್ತೀವಿ. ಶುರುವಿಗೆ ರಾಷ್ಟ್ರಗೀತೆ ಇರುತ್ತೆ, ಎಲ್ಲರೂ ಎದ್ದು ನಿಲ್ತಾರೆ, ಮೊದಲೇ ಹೇಳಿಟ್ಟಿರಿ. ಮಳೆ ಬಂದ್ರೆ ಕಾಯಿಸ್ತಾರೆ, ರೇನ್‌ಕೋಟ್ ಇರ್ಲಿ. ಒಂದೊಂದು ಶೋಗೆ ರಿಹರ್ಸಲ್ ಬರೀ ಹನ್ನೊಂದು ದಿನ ಅಷ್ಟೇ, ನೋಡಿದ್ರೆ ನಂಬೋಕಾಗಲ್ಲ. 2025ರಲ್ಲಿ ಪ್ರಾದೇಶಿಕ ಥಿಯೇಟರ್‌ಗೆ ಕೊಡೋ ಟೋನಿ, ಅಂದ್ರೆ ಅಮೆರಿಕದ ದೊಡ್ಡ ನಾಟಕ ಪ್ರಶಸ್ತಿ, ಮ್ಯೂನಿಯವರಿಗೇ ಬಂತು, ಬರಬೇಕಾದ್ದೇ.

—

ಎಲ್ಲರಿಗೂ ಥ್ಯಾಂಕ್ಸ್. ಸೀಟ್ ದುಡ್ಡು ಕೊಟ್ಟೇ ತಗೋತೀವಿ, ಮೆಟ್ಟಿಲು ಕಮ್ಮಿ ಇರೋ ಕಡೆ ಕೇಳ್ತೀನಿ. ನಿನ್ನೆ ಫೋನಲ್ಲಿ ಅಮ್ಮಂಗೆ ಬಯಲಲ್ಲಿ ರಾತ್ರಿ ನಾಟಕ ಅಂದೆ. "ಬೆಳಗಿನವರೆಗೂ ನಡಿಯುತ್ತಾ, ಚಾಪೆ ತರ್ಲಾ?" ಅಂತ ಕೇಳಿದ್ರು.