ಪದಚರ್ಚೆ: ಪಟ್ಟಮಹಿಷಿಯೋ, ಪಟ್ಟದರಸಿಯೋ, ಬರೀ ರಾಣಿಯೋ?

ಗೆಳೆಯರೇ, ಒಂದು ಚಿತ್ರಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಶಾಂತಲೆಗೆ 'ಚೀಫ್ ಕ್ವೀನ್' ಅಂತಲೂ ಕೆಳದಿ ಚೆನ್ನಮ್ಮನಿಗೆ ಬರೀ 'ಕ್ವೀನ್' ಅಂತಲೂ ಇದೆ. ನಾನು 'ಪಟ್ಟಮಹಿಷಿ', 'ರಾಣಿ' ಅಂತ ಹಾಕಿದ್ದೇನೆ. ನಡೆಯುತ್ತಾ? ಜಾಗ ಕಮ್ಮಿ ಇದೆ.

ಮರು:
ಮಹಿಷಿ ಬೇಡ. ಸಂಸ್ಕೃತದಲ್ಲಿ ಅದಕ್ಕೆ ಎಮ್ಮೆ ಅನ್ನುವ ಅರ್ಥವೂ ಇದೆ. ಮಕ್ಕಳಿಗೆ ಮೊದಲು ನೆನಪಾಗೋದು ಮಹಿಷಾಸುರನೇ. ಶ್ರವಣಬೆಳಗೊಳದ ಶಾಸನಗಳಲ್ಲಿ ಶಾಂತಲೆ 'ಪಿರಿಯರಸಿ ಪಟ್ಟಮಹಾದೇವಿ'. ಅವಳ ಬಿರುದೊಂದು 'ಸವತಿಗಂಧವಾರಣೆ', ಅಂದರೆ ಸವತಿಯರ ಪಾಲಿಗೆ ಮದ್ದಾನೆ. 1123ರಲ್ಲಿ ಅವಳು ಕಟ್ಟಿಸಿದ ಬಸದಿಗೂ ಅದೇ ಹೆಸರು. ಸವತಿಯರಿದ್ದಾಗ ತಾನೇ ಹಿರಿಯಳು ಯಾರು ಅನ್ನುವ ಪ್ರಶ್ನೆ ಬರೋದು? ಹಣೆಗೆ ಪಟ್ಟ ಕಟ್ಟಿಸಿಕೊಂಡವಳು ಪಟ್ಟದರಸಿ. ಅದನ್ನೇ ಹಾಕಿ.

ಮರು:
'ಹಿರಿಯರಸಿ' ಇರುವಾಗ ಪಟ್ಟ ಯಾಕೆ? ಶಾಸನದ 'ಪಿರಿಯರಸಿ'ಯೇ ಅದು, ಪಕಾರ ಹಕಾರ ಆಗಿದೆ, ಅಷ್ಟೇ. ಅಚ್ಚಗನ್ನಡ. 'ರಾಣಿ'ಯನ್ನಂತೂ ತೆಗೆದೇಬಿಡಿ. ಅದು ಸಂಸ್ಕೃತದ ರಾಜ್ಞಿ ಪ್ರಾಕೃತದಲ್ಲಿ ಸವೆದು ಬಂದದ್ದು. ಎರಡೂ ಕಡೆ 'ಅರಸಿ' ಸಾಕು.

ಮರು:
ಹಾಗಾದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸನ್ನು ಅರಸಿ ಚೆನ್ನಮ್ಮ ಓಟಬಂಡಿ ಮಾಡೋಣ್ವಾ? ಜೇನುಗೂಡಿನಲ್ಲೂ ರಾಣಿಯೇ, ಇಸ್ಪೀಟಿನಲ್ಲೂ ರಾಣಿಯೇ. ಜನ ಒಪ್ಪಿಕೊಂಡ ಪದವನ್ನು ಸಾಲ ಅಂತ ವಾಪಸ್ ಕಳಿಸೋಕೆ ಆಗಲ್ಲ. ಮತ್ತೆ, 'ಅರಸ'ವೂ 'ರಾಜ'ದಿಂದಲೇ ಬಂತು ಅನ್ನುವ ವಿದ್ವಾಂಸರಿದ್ದಾರೆ. ಆಗ ನಿಮ್ಮ ಹಿರಿಯರಸಿಯಲ್ಲಿ ಅಚ್ಚಗನ್ನಡ ಉಳಿಯೋದು ಬರೀ 'ಹಿರಿ'.

ಮರು:
ಆ ವಾದವನ್ನು ಒಪ್ಪದವರೂ ಇದ್ದಾರೆ. ತಮಿಳಿನ 'ಅರಸು' ನೋಡಿ ಮಾತಾಡಿ.

ಮರು:
ನೋಡಿಯೇ ಹೇಳಿದ್ದು. ತಮಿಳಿನದೂ ಹಾಗೇ ಬಂತು ಅನ್ನೋದೇ ಅವರ ವಾದ.

ಮರು:
ಕೇಳಿದವರ ಪ್ರಶ್ನೆಯ ಎರಡನೇ ಅರ್ಧವನ್ನು ಇಬ್ಬರೂ ಮರೆತಿರಿ. ಪಟ್ಟದರಸಿ ಅಂದರೆ ದೊರೆಯ ಹೆಂಡತಿಯರಲ್ಲಿ ಮೊದಲಿನವಳು. ಕೆಳದಿಯ ಚೆನ್ನಮ್ಮನದು ಬೇರೆ ಕಥೆ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಸುಮಾರು 25 ವರ್ಷ ತಾನೇ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿ, ಉಳ್ಳಾಲದ ಅಬ್ಬಕ್ಕ ಕೂಡ ತಾವೇ ಆಳಿದವರು. ಕನ್ನಡದಲ್ಲಿ ರಾಜನ ಹೆಂಡತಿಯೂ ರಾಣಿ, ರಾಜ್ಯ ಆಳಿದವಳೂ ರಾಣಿ. 'ಅರಸಿ' ಅಂದರೂ ಅದೇ ತೊಡಕು. ಆದ್ದರಿಂದ ಪದವನ್ನು ಬದಲಿಸಿ ಪ್ರಯೋಜನವಿಲ್ಲ, 'ಆಳಿದ' ಅಂತ ಸೇರಿಸಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. 'ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ', 'ಕೆಳದಿಯನ್ನು ಆಳಿದ ರಾಣಿ ಚೆನ್ನಮ್ಮ' ಅಂತ ಅಚ್ಚಿಗೆ ಕಳಿಸಿದೆ.

ಮರು:
'ಪಟ್ಟ' ಸಂಸ್ಕೃತ. ಮತ್ತೊಮ್ಮೆ ಹೇಳುತ್ತಿದ್ದೇನೆ.