ಬುಟ್ಟಿ ಹೊತ್ತ ಅವ್ವನ ನಡಿಗೆ: ಕಾಲು ಜಾರುತ್ತದೆ, ಭಾರ ಕಾಣುವುದಿಲ್ಲ

ಪ್ರಶ್ನೆ (ಬಾಗಲಕೋಟೆಯ ಕಾಲೇಜು ಹುಡುಗ):

ನಮಸ್ಕಾರ ಅಕ್ಕಾ. 3ಡಿ ಅನಿಮೇಷನ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ ಕಲಿಯಲು ಶುರುಮಾಡಿ ನಾಲ್ಕು ತಿಂಗಳಾಯಿತು. ಬಾದಾಮಿ ಬನಶಂಕರಿ ಗುಡಿ ಮುಂದೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಮೊಸರು ಮಾರುವ ಅವ್ವಂದಿರು ಇರುತ್ತಾರಲ್ಲ, ಅಂಥ ಒಬ್ಬ ಅವ್ವನನ್ನು ನಡೆಸಬೇಕು ಅಂತ ಆಸೆ. ಇಳಕಲ್ ಸೀರೆ, ತಲೆ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ. ಬಲಗೈ ಬುಟ್ಟಿ ಹಿಡಿದಿದೆ. 24 ಫ್ರೇಮ್‌ಗೆ ಎರಡು ಹೆಜ್ಜೆಯ, ಮತ್ತೆ ಮತ್ತೆ ತಿರುಗುವ ಒಂದು ಸೈಕಲ್ ಮಾಡಿ ವಿಡಿಯೋ ಹಾಕಿದ್ದೇನೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಕಾಲು ಜಾರುತ್ತದೆ. ಲೂಪ್ ತಿರುಗುವಾಗ ಸಣ್ಣದೊಂದು ತಡೆ. ಅದಕ್ಕಿಂತ ಬೇಸರ ಅಂದ್ರೆ ಬುಟ್ಟಿ ಖಾಲಿ ಅನ್ನಿಸುತ್ತದೆ. ಎಲ್ಲಿ ತಪ್ಪಿದೆ?

ಉತ್ತರ (ಬೆಳಗಾವಿ, ಪಾತ್ರಗಳ ಅನಿಮೇಷನ್ ಮಾಡುವವಳು):

ತಮ್ಮಾ, ವಿಡಿಯೋವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿದೆ. ಪೋಸ್‌ಗಳು ಚೆನ್ನಾಗಿವೆ. ಆಯ್ಕೆ ಮಾಡಿದ ಪಾತ್ರ ಇನ್ನೂ ಚೆನ್ನಾಗಿದೆ.

ಮೊದಲು ಜಾರುವ ಕಾಲು. ನಿನ್ನ ಅವ್ವ ನಿಂತ ಜಾಗದಲ್ಲೇ ನಡೆಯುತ್ತಿದ್ದಾಳೆ, ಅಂದ್ರೆ ನೆಲಕ್ಕೆ ಊರಿದ ಪಾದ ಹಿಂದಕ್ಕೆ ಸರಿಯುತ್ತಿರಬೇಕು. ಆ ಸರಿಯುವಿಕೆ ಪ್ರತಿ ಫ್ರೇಮ್‌ಗೂ ಒಂದೇ ಅಳತೆಯದ್ದಾಗಿರಬೇಕು. ನೆಲ ಒಂದೇ ವೇಗದಲ್ಲಿ ಹಿಂದೆ ಹೋಗುತ್ತದೆ, ಅಲ್ವಾ? ನೀನು ಪೋಸ್ ಗುರುತಿಸಿಟ್ಟ ಜಾಗಗಳೇ ಕೀ. ಅವುಗಳ ನಡುವೆ ಬ್ಲೆಂಡರ್ ತಾನಾಗಿ ಹಾಕುವ ಬೆಜಿಯರ್ ಕರ್ವ್‌ನಲ್ಲಿ (ಬಾಗಿದ ಗೆರೆ) ಪಾದ ಕೀ ಹತ್ತಿರ ನಿಧಾನವಾಗಿ, ನಡುವೆ ಜೋರಾಗಿ ಓಡುತ್ತದೆ. ಜಾರಿದಂತೆ ಕಾಣುವುದು ಅದಕ್ಕೇ. ಈ ಗೆರೆಗಳನ್ನು ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಪಾದದ ಹಿಂದೆ-ಮುಂದೆ ಹೋಗುವ ಚಾನೆಲ್ ಒಂದನ್ನೇ ತೆಗೆದುಕೊ. ಪಾದ ಊರಿರುವ ಭಾಗದ ಕೀಗಳನ್ನು ಆರಿಸಿ ಲೀನಿಯರ್ (ನೇರ ಗೆರೆ) ಮಾಡು. ಪಾದ ಗಾಳಿಯಲ್ಲಿರುವ ಭಾಗ ಬೆಜಿಯರ್ ಆಗಿಯೇ ಇರಲಿ.

ಒಂದು ಲೆಕ್ಕವನ್ನೂ ಬರೆದಿಟ್ಟುಕೊ. ಹೆಜ್ಜೆ 60 ಸೆಂ.ಮೀ., ಅದಕ್ಕೆ 12 ಫ್ರೇಮ್ ಆದರೆ ಪಾದ ಫ್ರೇಮಿಗೆ 5 ಸೆಂ.ಮೀ. ಹಿಂದೆ ಹೋಗಬೇಕು. ಆಮೇಲೆ ಅವ್ವನನ್ನು ಬೀದಿಯಲ್ಲಿ ನಿಜವಾಗಿ ಮುಂದೆ ನಡೆಸುವಾಗ ಇಡೀ ಪಾತ್ರವನ್ನು ಸರಿಸುವ ರೂಟ್ ಕಂಟ್ರೋಲ್ 24 ಫ್ರೇಮ್‌ಗೆ ಸರಿಯಾಗಿ 120 ಸೆಂ.ಮೀ. ಮುಂದೆ ಹೋಗಬೇಕು. ಸುಮ್ನೆ ಕಣ್ಣಂದಾಜಿನಲ್ಲಿ ಎಳೆದರೆ ಮತ್ತೆ ಜಾರುತ್ತದೆ.

ಲೂಪಿನ ತಡೆ ಸಣ್ಣ ಕೆಲಸ. 25ನೇ ಫ್ರೇಮ್‌ನಲ್ಲಿ 1ನೇ ಫ್ರೇಮಿನ ಪೋಸೇ ಇರಲಿ, ಆದರೆ ಪ್ಲೇ ಆಗುವುದು 24ರವರೆಗೆ ಮಾತ್ರ. ನೀನು 25ರವರೆಗೂ ಬಿಟ್ಟಿದ್ದೀಯ, ಅದಕ್ಕೆ ಒಂದೇ ಪೋಸ್ ಎರಡು ಸಲ ಬರುತ್ತಿದೆ. ಎಲ್ಲ ಕರ್ವ್‌ಗಳಿಗೂ ಗ್ರಾಫ್ ಎಡಿಟರ್‌ನಲ್ಲಿ ಶಿಫ್ಟ್ ಇ ಒತ್ತಿ ಮೇಕ್ ಸೈಕ್ಲಿಕ್ ಕೊಡು, ಚಲನೆ ಮತ್ತೆ ಮತ್ತೆ ತಿರುಗುತ್ತದೆ.

ಈಗ ಭಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿನ್ನ ಅವ್ವ ನಿಜ ಅನ್ನಿಸುವುದೂ ಬಿಡುವುದೂ ಇಲ್ಲೇ ಇದೆ.

ನೀನು ಮಾಡಿರುವುದು ಕೈ ಬೀಸಿಕೊಂಡು ನಡೆಯುವ ಹುಡುಗಿಯ ನಡಿಗೆ. ಅದರ ತಲೆ ಮೇಲೆ ಬುಟ್ಟಿ ಕೂರಿಸಿದ್ದೀಯ. ಸಾಮಾನ್ಯ ನಡಿಗೆಯಲ್ಲಿ ಸೊಂಟ ಪ್ರತಿ ಹೆಜ್ಜೆಗೂ ನಾಲ್ಕೈದು ಸೆಂ.ಮೀ. ಏರಿ ಇಳಿಯುತ್ತದೆ. ನಿನ್ನ 24 ಫ್ರೇಮ್‌ನಲ್ಲಿ 1 ಮತ್ತು 13 ಕಾಂಟ್ಯಾಕ್ಟ್ (ಮುಂದಿನ ಪಾದ ನೆಲ ಮುಟ್ಟುವುದು), 4 ಮತ್ತು 16 ಡೌನ್ (ಮೈ ತೀರ ಕೆಳಗೆ), 7 ಮತ್ತು 19 ಪಾಸಿಂಗ್ (ಎತ್ತಿದ ಕಾಲು ಊರಿದ ಕಾಲನ್ನು ದಾಟುವುದು), 10 ಮತ್ತು 22 ಅಪ್ (ಮೈ ತೀರ ಮೇಲೆ). ಇದು ಸರಿಯೇ. ಆದರೆ ಆ ಏರಿಳಿತ ಹಾಗೇ ತಲೆಯವರೆಗೂ ಹೋಗಿದೆ. ಪ್ರತಿ ಹೆಜ್ಜೆಗೂ ಬುಟ್ಟಿ ಕುಣಿಯುತ್ತಿದೆ. ತುಂಬಿದ ಬುಟ್ಟಿ ಹಾಗೆ ಕುಣಿದರೆ ಮೊಸರಿನ ಗಡಿಗೆ ಉಳಿಯುತ್ತದಾ?

ಅನುಭವ ಇರುವ ಅವ್ವ ಏನು ಮಾಡುತ್ತಾಳೆ ನೋಡು. ಹೆಜ್ಜೆ ಗಿಡ್ಡ ಮಾಡುತ್ತಾಳೆ. ಕಾಲಿನ ಉದ್ದ 80 ಸೆಂ.ಮೀ. ಅಂದುಕೊ. 60 ಸೆಂ.ಮೀ. ಹೆಜ್ಜೆ ಹಾಕಿ ಎರಡೂ ಕಾಲು ನೇರ ಇಟ್ಟರೆ ಸೊಂಟ ಹೆಚ್ಚುಕಡಿಮೆ 6 ಸೆಂ.ಮೀ. ಕೆಳಗೆ ಬರುತ್ತದೆ. ಅದೇ ಹೆಜ್ಜೆ 40 ಸೆಂ.ಮೀ. ಆದರೆ ಎರಡೂವರೆ ಮಾತ್ರ. ಉಳಿದದ್ದನ್ನು ಮೊಣಕಾಲು ನುಂಗುತ್ತದೆ. ಹಾಗಾಗಿ ಸೊಂಟದ ಕಂಟ್ರೋಲ್ ಸ್ವಲ್ಪ ಕೆಳಗಿಳಿಸು, ಮೊಣಕಾಲು ಎಲ್ಲೂ ಪೂರ್ತಿ ನೇರ ಆಗದಿರಲಿ. ಐಕೆಯಲ್ಲಿ (ಪಾದ ಎಳೆದರೆ ಇಡೀ ಕಾಲು ಹಿಂಬಾಲಿಸುವ ವ್ಯವಸ್ಥೆ) ಕಾಲು ಪೂರ್ತಿ ಚಾಚಿದಾಗ ಮೊಣಕಾಲು ಫಟ್ ಅಂತ ಹಾರುತ್ತದೆ. ನಿನ್ನ 12ನೇ ಫ್ರೇಮ್‌ನಲ್ಲಿ ಹಿಂದಿನ ಕಾಲು ಹಾಗೆ ಹಾರಿದೆ, ಅದೂ ಇದರಿಂದಲೇ ಸರಿಹೋಗುತ್ತದೆ. ಹಿಂದಿನ ಪಾದದ ಹಿಮ್ಮಡಿಯನ್ನು ಎರಡು ಫ್ರೇಮ್ ಮೊದಲೇ ಎತ್ತು.

ಇನ್ನು ಪಕ್ಕಕ್ಕೆ. ಏರಿಳಿತ ಕಡಿಮೆ ಮಾಡಿದೆವು ಅಂತ ಸೊಂಟವನ್ನು ಸುಮ್ಮನೆ ಕೂರಿಸಬೇಡ. 7ನೇ ಫ್ರೇಮ್‌ನಲ್ಲಿ ಸೊಂಟ ಊರಿದ ಕಾಲಿನ ಮೇಲೆ ಪೂರ್ತಿ ಬರಬೇಕು, ಎತ್ತಿದ ಕಾಲಿನ ಕಡೆ ಸ್ವಲ್ಪ ಇಳಿಯಬೇಕು. 19ರಲ್ಲಿ ಇನ್ನೊಂದು ಕಡೆ. ಆ ವಾಲಾಟವನ್ನು ಬೆನ್ನು ಹುರಿ ಉಲ್ಟಾ ತಿರುಗಿ ತಿದ್ದುತ್ತದೆ. ಕುತ್ತಿಗೆ ಹತ್ತಿರ ಬರುವಷ್ಟರಲ್ಲಿ ಎಲ್ಲ ಸಮ. ಕೆಳಗೆ ಇಷ್ಟೆಲ್ಲ ಕೆಲಸ ನಡೆಯುತ್ತಾ ಮೇಲೆ ಬುಟ್ಟಿ ತಣ್ಣಗೆ ಕೂತಿದ್ದರೆ ಮಾತ್ರ ನೋಡುವವರಿಗೆ ಅದು ತುಂಬಿದೆ ಅನ್ನಿಸುತ್ತದೆ.

ನನ್ನ ಮೊದಲ ಕೆಲಸದಲ್ಲಿ ಒಂದು ನಡಿಗೆ ಮೂರು ಸಲ ವಾಪಸ್ ಬಂದಿತ್ತು. ಪ್ರತಿ ಸಲವೂ ನಾನು ಕೈ, ತಲೆ, ಬಟ್ಟೆ ತಿದ್ದುತ್ತಿದ್ದೆ. ಕೊನೆಗೆ ಎಲ್ಲ ಮರೆಮಾಡಿ ಸೊಂಟ, ಕಾಲು ಮಾತ್ರ ಇಟ್ಟು ನೋಡಿದಾಗ ತಪ್ಪು ತಕ್ಷಣ ಕಂಡಿತು. ನೀನೂ ಸೀರೆ, ಬುಟ್ಟಿ, ಕೈ ಮರೆಮಾಡಿ ನೋಡು.

ಪ್ರಶ್ನೆ (ಅದೇ ಹುಡುಗ):

ಅಕ್ಕಾ, ಹೆಜ್ಜೆ 40 ಮಾಡಿದೆ, ಬಹಳ ಫರಕು ಬಂತು! ಆದರೆ 1ನೇ ಫ್ರೇಮಿನ ಪೋಸ್ ಕಾಪಿ ಮಾಡಿ 13ರಲ್ಲಿ ಫ್ಲಿಪ್ ಮಾಡಿ ಹಾಕಿದರೆ ಬುಟ್ಟಿ ಹಿಡಿದ ಕೈ ಬಲದಿಂದ ಎಡಕ್ಕೆ ಬದಲಾಗುತ್ತದೆ.

ಉತ್ತರ:

ಫ್ಲಿಪ್ ಇಡೀ ಮೈಗೆ ಬೇಡ. ಕಾಲು, ಸೊಂಟ, ಬೆನ್ನು ಆರಿಸಿ ಅಷ್ಟನ್ನೇ ಫ್ಲಿಪ್ ಮಾಡು. ಬಲಗೈ ಬುಟ್ಟಿಗೆ ಅಂಟಿಕೊಂಡೇ ಇರಲಿ. ಅದಕ್ಕೆ ಐಕೆ ಹಾಕಿ ಗುರಿಯನ್ನು ಬುಟ್ಟಿಯ ಅಂಚಿಗೆ ಕಟ್ಟಿದರೆ ಕೀ ಹಾಕುವ ಕೆಲಸವೂ ಇಲ್ಲ. ಎಡಗೈಗೆ ಒಂದೊಂದೇ ಕೀಲು ತಿರುಗಿಸುವ ಎಫ್‌ಕೆ ಸಾಕು. ಒಂದೇ ಕೈ ಬೀಸುವುದರಿಂದ ಹೆಗಲು ಎರಡೂ ಕಡೆ ಸಮನಾಗಿ ತಿರುಗುವುದಿಲ್ಲ, ಬಲಹೆಗಲು ಎತ್ತರದಲ್ಲೇ ಉಳಿಯುತ್ತದೆ. ಆ ಓರೆ ಹಾಗೇ ಇರಲಿ, ಸರಿಮಾಡಲು ಹೋಗಬೇಡ.

ಪ್ರಶ್ನೆ (ವಿಜಯಪುರದಿಂದ ಒಬ್ಬ ತಂಗಿ):

ಮೇಡಂ, ನನ್ನ ಹತ್ತಿರ ಕಂಪ್ಯೂಟರ್ ಇಲ್ಲ. ಮೊಬೈಲಲ್ಲಿ ಬೆರಳಿಂದ ಚಿತ್ರ ಬಿಡಿಸಿ ಮಾಡುತ್ತೇನೆ. 24 ಚಿತ್ರ ಬಿಡಿಸಲೇಬೇಕಾ? ನೋಡಿ ಕಲಿಯೋಕೆ ವಿಡಿಯೋ ಹೇಗೆ ತೆಗೆಯಲಿ?

ಉತ್ತರ:

ಬೇಡ ತಂಗಿ. 8 ಚಿತ್ರ ಸಾಕು. ಕಾಂಟ್ಯಾಕ್ಟ್, ಡೌನ್, ಪಾಸಿಂಗ್, ಅಪ್, ಆಮೇಲೆ ಇನ್ನೊಂದು ಕಾಲಿಗೆ ಅದೇ ನಾಲ್ಕು. ಒಂದೊಂದನ್ನು ಎರಡು ಫ್ರೇಮ್ ನಿಲ್ಲಿಸಿದರೆ 16 ಫ್ರೇಮ್, ಚುರುಕಾದ ನಡಿಗೆ. ವಯಸ್ಸಾದವರಿಗೆ ಅದು ಅವಸರ ಅನ್ನಿಸುತ್ತದೆ. ಅವರಿಗಾಗಿ 12 ಚಿತ್ರ ಬಿಡಿಸಿ ಎರಡೆರಡು ಫ್ರೇಮ್ ನಿಲ್ಲಿಸು, 24 ಆಗುತ್ತದೆ. ಹಿಂದಿನ ಚಿತ್ರ ತೆಳುವಾಗಿ ಕಾಣುವ ಆನಿಯನ್ ಸ್ಕಿನ್ ಹಾಕಿಕೊಂಡೇ ಬಿಡಿಸು.

ವಿಡಿಯೋ ತೆಗೆಯುವ ಮೊದಲು ಅವರನ್ನು ಕೇಳು. ಹತ್ತು ರೊಟ್ಟಿ ಕೊಂಡು, ಅಲ್ಲೇ ಕೂತು ಉಂಡು, ಆಮೇಲೆ ಕೇಳಿದರೆ ಇನ್ನೂ ಒಳ್ಳೆಯದು. ಮೊಬೈಲನ್ನು ಅವರ ಸೊಂಟದ ಎತ್ತರಕ್ಕೆ ಹಿಡಿದು ಪಕ್ಕದಿಂದ ಒಂದು, ಎದುರಿನಿಂದ ಒಂದು ತೆಗೆ. ಪಾದ ಕತ್ತರಿಸಿ ಹೋಗದಿರಲಿ. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತಿದ್ದರೆ ಅದರ 15 ಫ್ರೇಮಿನ ಹೆಜ್ಜೆ ನಿನ್ನ ಸೆಕೆಂಡಿಗೆ 24ರ ಲೆಕ್ಕದಲ್ಲಿ 12 ಆಗುತ್ತದೆ.

ಪ್ರಶ್ನೆ (ಬಾಗಲಕೋಟೆಯ ಹುಡುಗ):

ಅಕ್ಕಾ, ಹೊಸ ವಿಡಿಯೋ ಹಾಕಿದ್ದೇನೆ. ನಮ್ಮಮ್ಮ ನೋಡಿ "ಬುಟ್ಟಿಯಾಗ ಏನೈತಿ?" ಅಂತ ಕೇಳಿದರು.

ಉತ್ತರ:

ಬಹಳ ಖುಷಿಯಾಯಿತು ತಮ್ಮಾ, ಭಾರ ಕಂಡಿದೆ! ಇನ್ನು ಸೀರೆಗೆ ಕೈ ಹಾಕು. ಸೆರಗು ಸೊಂಟಕ್ಕಿಂತ ಎರಡು ಫ್ರೇಮ್ ತಡವಾಗಿ ತಿರುಗಲಿ, ಅದರ ತುದಿ ಇನ್ನೆರಡು ತಡ. ನಿರಿಗೆ ಮಾತ್ರ ಮುಂದಿನ ಮೊಣಕಾಲು ತಳ್ಳಿದಾಗಲೇ ತೆರೆಯಬೇಕು, ತಡ ಮಾಡಬೇಡ. 16ನೇ ಫ್ರೇಮ್‌ನಲ್ಲಿ ಎಡಪಾದ ಕೂದಲೆಳೆಯಷ್ಟು ನೆಲದೊಳಗೆ ಹೋಗಿದೆ, ಅದನ್ನೂ ನೋಡಿಕೊ.